ಬೈಗುಳದ ಬಾಯಿ, ಸ್ತೋತ್ರದ ಬಾಯಿ

ಬಾಗಲಕೋಟೆಯಿಂದ, ಹುನಗುಂದದಿಂದ, ಬಾದಾಮಿ ಕಡೆಯಿಂದ ಮುಂಜಾನೆನೇ ಬಸ್ ಹಿಡಿದು ಬಂದವರು ಮುಂದೆ ಕೂತಿದ್ದೀರಿ. ಇಳಕಲ್ಲಿನವರು ಎಂದಿನಂತೆ ತಡವಾಗಿ ಬಂದು ಹಿಂದೆ ಕೂತಿದ್ದೀರಿ. ಇರಲಿ. ಯಾಕೋಬನ ಪತ್ರಿಕೆ 3ನೇ ಅಧ್ಯಾಯ, 9 ಮತ್ತು 10ನೇ ವಚನ ತೆಗೆಯಿರಿ. ದೇವರನ್ನು ಕೊಂಡಾಡುವುದೂ ಅದೇ ನಾಲಿಗೆ, ದೇವರ ಹೋಲಿಕೆಯಲ್ಲಿ ಹುಟ್ಟಿದ ಮನುಷ್ಯನನ್ನು ಶಪಿಸುವುದೂ ಅದೇ ನಾಲಿಗೆ, ಇದು ಹೀಗಿರಬಾರದು ಎಂದು ಯಾಕೋಬನು ಹೇಳುತ್ತಾನೆ. ಅವನು ಇದನ್ನು ಬರೆದದ್ದು ಹೊರಗಿನವರಿಗೆ ಅಲ್ಲ, ಸಭೆಯವರಿಗೆ. ನಮಗೇ.

ಈ ವಾಕ್ಯ ನಾನು ಹುಡುಕಿಕೊಂಡು ಹೋದದ್ದಲ್ಲ, ನಮ್ಮ ಮನೆಗೇ ಬಂತು. ನಮ್ಮ ಹುಡುಗನಿಗೆ ಐದು ವರ್ಷ. ಹೋಂವರ್ಕ್ ಬರೀತಾ ಕೂತಿದ್ದ, ಪೆನ್ಸಿಲ್ ಮೊನೆ ಮುರೀತು. ಅವ ತಣ್ಣಗೆ "ಇದರೌನ" ಅಂದ. ಸಿಟ್ಟಿಲ್ಲ, ಏನಿಲ್ಲ, ಸೀನು ಬಂದಂಗ ಬಂತು. ನಮ್ಮ ಮನೆಯವರು ಹುಡುಗನ ಕಡೆ ನೋಡಲೇ ಇಲ್ಲ. ನನ್ನ ಕಡೆ ನೋಡಿದರು.

ಇದು ನನಗೆ ಎಲ್ಲಿಂದ ಬಂತು ಅಂದರೆ, ಮಗ್ಗದಿಂದ. ನಮ್ಮಪ್ಪ ನೇಕಾರ. ಗುಂಡಿ ಮಗ್ಗದಾಗ ಕಾಲು ಇಳಿಬಿಟ್ಟು ಕೂತರೆ ಲಾಳಿ ಆ ಕಡೆ ಈ ಕಡೆ ಓಡ್ತಿರ್ತಿತ್ತು. ಒಂದು ಎಳೆ ಹರೀತು ಅಂದ್ರೆ "ಇದರೌನ". ಕರೆಂಟ್ ಹೋಯ್ತು, "ಇದರೌನ". ಸೀರೆ ಒಯ್ಯೋ ಸಾವ್ಕಾರ ಕೂಲಿ ಮುರಕೊಂಡ, ಅವಾಗ ಪೂರಾ ಬೈಗುಳ. ಈ ಶಬ್ದವನ್ನು ಸ್ವಲ್ಪ ಯೋಚಿಸಿ ನೋಡಿರಿ. ಅದು ಅರ್ಧ ವಾಕ್ಯ. "ಇದರ ತಾಯಿಯ" ಅಂತ ಸುರುವಾಗಿ ಅಲ್ಲೇ ನಿಲ್ಲತದ. ಉಳಿದ ಅರ್ಧ ಎಲ್ಲರಿಗೂ ಗೊತ್ತು, ಅದಕ್ಕೇ ಯಾರೂ ಹೇಳೋದಿಲ್ಲ. ನೂಲಿಗೆ ಬೈತೀವಿ, ಪೆನ್ಸಿಲ್‌ಗೆ ಬೈತೀವಿ. ನೂಲಿಗೆ ಎಲ್ಲಿಯ ಅವ್ವ? ಆದರೂ ಬೈಗುಳ ಹೋಗಿ ಬೀಳೋದು ಒಬ್ಬ ತಾಯಿಯ ಮೇಲೆನೇ. ಗಂಡಸರಿಬ್ಬರು ಜಗಳ ಆಡಿದರೂ ಮನೆಯಲ್ಲಿ ರೊಟ್ಟಿ ಬಡೀತಾ ಕೂತ ಹೆಣ್ಣುಮಗಳ ಮರ್ಯಾದೆ ಬೀದಿಗೆ ಬರತದ.

ಯೌವನಸ್ಥರ ಕೂಟದಲ್ಲಿ ಒಬ್ಬ ತಮ್ಮ ಕೇಳಿದ: "ಅಣ್ಣಾರ, ನಮ್ಮ ಕಡೆ ಇದು ಪ್ರೀತಿ ಮಾತ್ರೀ. ದೋಸ್ತ್‌ಗೆ ಹಂಗ ಅನ್ನದಿದ್ರ ಏನೋ ಸಿಟ್ಟಾಗ್ಯಾನ ಅಂತಾರ. ಮನಸ್ಸಿನ್ಯಾಗ ಏನೂ ಇರಂಗಿಲ್ಲ. ಮನಸ್ಸಿನ್ಯಾಗ ಇಲ್ಲದ್ದು ಪಾಪ ಹ್ಯಾಂಗ ಆಗತದ?" ಒಳ್ಳೆ ಪ್ರಶ್ನೆ. ದೇವರು ಹೃದಯ ನೋಡುವವನು ಅಂತ ನಾವೇ ಕಲಿಸಿದ್ದೀವಿ, ಅದನ್ನೇ ಹಿಡಕೊಂಡು ಕೇಳಿದ. ಅವತ್ತು ಸರಿಯಾಗಿ ಉತ್ತರ ಕೊಡಲು ನನಗೆ ಆಗಲಿಲ್ಲ. ಆಮೇಲೆ ಮತ್ತಾಯ 12ನೇ ಅಧ್ಯಾಯ 36ನೇ ವಚನ ಓದುವಾಗ ನಿಂತೆ. ನ್ಯಾಯವಿಚಾರಣೆಯ ದಿನ ಲೆಕ್ಕ ಕೊಡಬೇಕಾದದ್ದು ಯಾವ ಮಾತಿಗೆ ಅಂತ ಕರ್ತನು ಹೇಳಿದ? ಯೋಚಿಸಿ, ತೂಗಿ, ಸಿಟ್ಟಿನಿಂದ ಆಡಿದ ಮಾತಿಗೆ ಅಂತ ಅಲ್ಲಿ ಹೇಳಿಲ್ಲ. ಸುಮ್ಮನೆ ಆಡಿದ, ಲೆಕ್ಕಕ್ಕೆ ಹಿಡಿಯದ ಮಾತಿಗೆ ಅಂತ ಹೇಳಿದ್ದಾನೆ. ಅಂದರೆ "ಮನಸ್ಸಿನ್ಯಾಗ ಇರಲಿಲ್ಲ" ಅನ್ನೋ ನೆಪ ನಮ್ಮನ್ನು ಬಿಡಿಸೋದಿಲ್ಲ, ಅದೇ ನಮ್ಮ ಮೇಲಿನ ದೂರು. ಒಬ್ಬ ತಾಯಿಯ ಹೆಸರು ಬಾಯಿಗೆ ಬಂದಾಗಲೂ ನಮ್ಮ ಮನಸ್ಸಿನಲ್ಲಿ ಏನೂ ಇರಲಿಲ್ಲ!

ಇನ್ನೊಂದು ಹೇಳಬೇಕು. ಇದನ್ನು ಹೇಳಲು ನನಗೆ ನಾಚಿಕೆ ಆಗುತ್ತದೆ. ನನಗೆ ದೀಕ್ಷಾಸ್ನಾನ ಆಗಿ ಎರಡು ವರ್ಷ ಆಗಿತ್ತು, ಪವಿತ್ರಾತ್ಮನ ಅಭಿಷೇಕವೂ ಆಗಿತ್ತು, ಅನ್ಯಭಾಷೆಯಲ್ಲಿ ಪ್ರಾರ್ಥನೆ ಮಾಡುತ್ತಿದ್ದೆ. ಸಭೆಯ ಹುಡುಗರೆಲ್ಲ ಸೇರಿ ಕ್ರಿಕೆಟ್ ಆಡುವಾಗ ಒಬ್ಬ ಸಹೋದರ ಸುಲಭದ ಕ್ಯಾಚ್ ಬಿಟ್ಟ. ನಾನು ಬೈದೆ. ಆ ಶಬ್ದ ಇಲ್ಲಿ ಹೇಳಂಗಿಲ್ಲ. ತಾಯಿ ತನ್ನನ್ನು ಮಾರಿಕೊಂಡವಳು ಅಂತ ಅರ್ಥ ಬರುವ ಶಬ್ದ, ನಮ್ಮ ಊರಲ್ಲಿ ಗಂಟೆಗೆ ಹತ್ತು ಸಲ ಕೇಳಿಬರುವ ಶಬ್ದ. ಎಲ್ಲರೂ ನಕ್ಕರು, ಅವನೂ ನಕ್ಕ.

ಅವನ ತಾಯಿಗೆ ಚಿಕ್ಕಂದಿನಲ್ಲೇ ಮುತ್ತು ಕಟ್ಟಿದ್ದರು. ದೇವದಾಸಿ ಬಿಡುವುದನ್ನು ನಿಷೇಧಿಸಿ ಕರ್ನಾಟಕದಲ್ಲಿ 1982ರಲ್ಲೇ ಕಾಯ್ದೆ ಆಯಿತು, ಆದರೆ ಕಾಯ್ದೆ ಆದ ಮೇಲೂ ನಮ್ಮ ಬಾಗಲಕೋಟೆ ಸೀಮೆಯಲ್ಲಿ ಕದ್ದುಮುಚ್ಚಿ ನಡೆದದ್ದು ನಿಮಗೆಲ್ಲ ಗೊತ್ತು. ಆ ತಾಯಿ ತಾನಾಗಿ ಏನನ್ನೂ ಆರಿಸಿಕೊಂಡವಳಲ್ಲ. ಹೊಲದಲ್ಲಿ ಕೂಲಿ ಮಾಡಿ ಮಗನನ್ನು ಓದಿಸಿದಳು. ನನಗೆ ಅದು ಗೊತ್ತಿರಲಿಲ್ಲ. ಗೊತ್ತಿರಲಿಲ್ಲ ಅನ್ನುವುದು ಎಷ್ಟು ದೊಡ್ಡ ಸಮಾಧಾನ ಅಂತ ನಾನು ವರ್ಷಗಟ್ಟಲೆ ತಿಳಿದಿದ್ದೆ. ನಿಧಾನಕ್ಕೆ ಅವ ಸಭೆಗೆ ಬರೋದು ಬಿಟ್ಟ. ನಮಗೆ ಅದು ಒಂದು ಶಬ್ದ. ಅವನಿಗೆ ಅದು ಮನೆ.

ನಮ್ಮ ಹುಡುಗನ ಪೆನ್ಸಿಲ್ ಮುರಿದ ವಾರ ನಾನು ಆ ಸಹೋದರನ ನಂಬರ್ ಹುಡುಕಿ ಫೋನ್ ಮಾಡಿದೆ. ಅವನೀಗ ಪುಣೆಯಲ್ಲಿ ಕೆಲಸದಲ್ಲಿದ್ದಾನೆ. ಕ್ಷಮಿಸು ಅಂದೆ. ಅವ ಸ್ವಲ್ಪ ಹೊತ್ತು ಸುಮ್ಮನಿದ್ದು, "ನೀ ಬೈದದ್ದು ನನಗ ನೆನಪಿಲ್ಲ ಬಿಡೋ, ಎಲ್ಲಾರೂ ಹಂಗ ಬೈತಿದ್ರಲ್ಲ" ಅಂದ. ಅವ ನನ್ನನ್ನು ಜೋರಾಗಿ ಬೈದಿದ್ದರೆ ನನಗೆ ಇಷ್ಟು ನೋವಾಗುತ್ತಿರಲಿಲ್ಲ. ಎಲ್ಲಾರೂ ಅಂದರೆ ಯಾರು? ಸಭೆಯ ಹುಡುಗರು.

ಬಾಗಲಕೋಟೆಯ ಹೋಳಿ ನೋಡಿದ್ದೀರಿ. ಹಲಗೆ ಸಪ್ಪಳ, ಬಣ್ಣ, ಆ ದಿನಗಳಲ್ಲಿ ಬಾಯಿಗೆ ಬಂದದ್ದು ಬೈಯಲಿಕ್ಕೂ ಪರವಾನಗಿ ಇದ್ದಂಗ. ಅದನ್ನು ನಾವು ಬಿಟ್ಟೀವಿ ಅಂತ ಸಾಕ್ಷಿ ಹೇಳ್ತೀವಿ. ಆದರೆ ಅವರಿಗೆ ವರ್ಷದಾಗ ಕೆಲವು ದಿನ, ನಮಗೆ ಬೈಕ್ ಹತ್ತಿದ ದಿನ ಎಲ್ಲಾ. ಇನ್ನೊಂದು ಮಾತು. ಕೂಡಲಸಂಗಮ ಇರೋದು ನಮ್ಮ ಹುನಗುಂದ ಸೀಮೆಯಲ್ಲೇ. ನುಡಿ ಹೇಗಿರಬೇಕು ಅಂತ ಬಸವಣ್ಣನವರು ಹೇಳಿದ್ದನ್ನು ನಾವೆಲ್ಲ ಶಾಲೆಯಲ್ಲಿ ಬಾಯಿಪಾಠ ಮಾಡಿದ್ದೀವಿ. ನಮ್ಮ ಪಕ್ಕದ ಮನೆಯಲ್ಲಿ ಲಿಂಗ ಕಟ್ಟಿಕೊಂಡ ಒಬ್ಬ ಅಜ್ಜಾರು ಇದ್ದಾರೆ. ಇಷ್ಟು ವರ್ಷದಲ್ಲಿ ಅವರ ಬಾಯಿಂದ ಒಂದು ಹೊಲಸು ಮಾತು ನಾನು ಕೇಳಿಲ್ಲ. ಹಾಗಾಗಿ ಬೈಯದೇ ಇರುವುದೇ ವಿಶ್ವಾಸಿಯ ಗುರುತು ಅಂತ ನಾನು ಹೇಳುವುದಿಲ್ಲ. ಆದರೆ ಆ ಅಜ್ಜಾರ ಎದುರು ನಾನು ಸುವಾರ್ತೆ ಹೇಳಬೇಕಾದರೆ?

ಹಾಗಾದರೆ ಬಿಡೋದು ಹ್ಯಾಂಗ? ಕೆಲವರು ಬಿಡುಗಡೆ ಪ್ರಾರ್ಥನೆ ಮಾಡಿರಿ ಅಂತ ಬರುತ್ತಾರೆ. ಮಾಡಿದ್ದೇನೆ. ತಲೆ ಮೇಲೆ ಕೈ ಇಟ್ಟು, ಉಪವಾಸ ಇದ್ದು ಮಾಡಿದ್ದೇನೆ. ಒಬ್ಬ ಸಹೋದರ ಕಣ್ಣೀರು ಹಾಕಿ ಎದ್ದು ಹೋದ, ಹೊರಗೆ ಅವನ ಬೈಕಿಗೆ ಅಡ್ಡ ಯಾರೋ ಗಾಡಿ ನಿಲ್ಲಿಸಿದ್ದರು, ಅಲ್ಲೇ ಸುರು ಮಾಡಿದ. ದೇವರು ಒಂದು ಕ್ಷಣದಲ್ಲಿ ಬಿಡಿಸಬಲ್ಲನು, ನಾನು ನಂಬುತ್ತೇನೆ. ಆದರೆ ನಾಲಿಗೆಯ ರೂಢಿ ಬಹಳ ಸಲ ದೆವ್ವ ಅಲ್ಲ, ಮಗ್ಗದಾಗ ಕಾಲು ತಾನೇ ತುಳಿದಂಗ. ಇನ್ನೊಬ್ಬ ಸಹೋದರ ಬೈಗುಳ ಬಂದಾಗೆಲ್ಲ "ಸ್ತೋತ್ರ!" ಅನ್ನೋದು ಕಲಿತ. ಅವ ಹಲ್ಲು ಕಡಿದು "ಸ್ತೋತ್ರ" ಅಂದರೆ ಎದುರಿಗೆ ಇದ್ದವ ಹೆದರುತ್ತಾನೆ! ನಗಬೇಡಿರಿ. ಕರ್ತನ ಸ್ತೋತ್ರವನ್ನು ಬೈಗುಳದ ಜಾಗದಲ್ಲಿ ಕೂಡಿಸುವುದು ಇನ್ನೂ ಕೆಟ್ಟದ್ದು ಅಂತ ನನ್ನ ಅಭಿಪ್ರಾಯ. ದೇವರಾಣೆ, ತಾಯಾಣೆ ಅನ್ನುವುದೂ ಅಷ್ಟೇ. ಹೌದು ಅಂದರೆ ಹೌದು, ಅಲ್ಲ ಅಂದರೆ ಅಲ್ಲ.

ಇಳಕಲ್ ಸೀರೆಯ ಮೈಯ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಕೊಂಡಿ ಹಾಕಿ ಜೋಡಿಸುತ್ತಾರೆ, ಎಳೆ ಎಳೆಯಾಗಿ, ಕೈಯಿಂದ. ಅವ್ವ ಆ ಕೆಲಸಕ್ಕೆ ಕೂತರೆ ಅವಸರ ಮಾಡುವಂತಿರಲಿಲ್ಲ. ನಾನು ಈಗ ಮಾಡುತ್ತಿರುವುದು ಅಷ್ಟೇ. ಮುಂಜಾನೆ 141ನೇ ಕೀರ್ತನೆ ಓದಿ, ಬಾಯಿಗೆ ಕಾವಲು ಇಡು ಕರ್ತನೇ ಅಂತ ಕೇಳುತ್ತೇನೆ. ಜಾರಿದರೆ, ಬೈಸಿಕೊಂಡವರ ಹತ್ತಿರವೇ ಹೋಗಿ ತಪ್ಪಾಯಿತು ಅನ್ನುತ್ತೇನೆ. ದೇವರಿಗೆ ಮಾತ್ರ ಹೇಳಿದರೆ ಸಸ್ತಾ ಆಗತದ. ಮೊನ್ನೆ ಬಾದಾಮಿ ಬಸ್ ಸ್ಟ್ಯಾಂಡಿನ ಹತ್ತಿರ ಆಟೋದವನೊಬ್ಬನಿಗೆ ಹೇಳಿದೆ. ಅವ ನನ್ನನ್ನು ಹುಚ್ಚ ಅನ್ನುವಂತೆ ನೋಡಿದ. ನಮ್ಮ ಹುಡುಗನಿಗೂ ಹೇಳಿದೆ: "ಆ ಮಾತು ನಿನಗ ಕಲಿಸಿದವ ನಾನಪ್ಪಾ, ನನ್ನದ ತಪ್ಪು."

ಹಾಗಂತ ಭಕ್ತಿ ಬಂದ ಮೇಲೆ ಬೆಂಗಳೂರಿನವರ ಹಾಗೆ ಮೆಲ್ಲಗೆ ಮಾತಾಡಬೇಕು ಅಂತ ಅಲ್ಲ. ನಮ್ಮ ಮಾತು ಗಟ್ಟಿ. ಗಟ್ಟಿ ಇರೋದು ಹೊಲಸು ಅಲ್ಲ. ಪೇತ್ರನನ್ನು ನೋಡಿರಿ. ಮಹಾಯಾಜಕನ ಅಂಗಳದಲ್ಲಿ ಅವನ ಗಲಿಲಾಯದ ಮಾತೇ ಅವನನ್ನು ಹಿಡಿದುಕೊಟ್ಟಿತು, ಆಗ ಅವನು ಶಪಿಸಿಕೊಂಡು ಆಣೆ ಇಟ್ಟ. ಎರಡು ತಿಂಗಳೂ ಆಗಲಿಲ್ಲ, ಪಂಚಾಶತ್ತಮ ದಿನ ಬಂತು. ಜನ ಇವರೆಲ್ಲ ಗಲಿಲಾಯದವರಲ್ಲವೇ ಅಂತ ಬೆರಗಾದರು. ಪೇತ್ರ ಎದ್ದು ನಿಂತು ಮಾತಾಡಿದ. ಅದೇ ಊರಿನ ಬಾಯಿ, ಅದೇ ಮನುಷ್ಯ. ಅಂಗಳದಲ್ಲಿ ಕಾಯಿಸಿಕೊಂಡ ಬೆಂಕಿ ಬೇರೆ, ಮೇಲಿನಿಂದ ಇಳಿದ ಬೆಂಕಿ ಬೇರೆ. ಆಮೆನ್?

ಎದ್ದು ನಿಲ್ಲೋಣ. ಕಾಣಿಕೆ ತಂದು ಬಲಿಪೀಠದ ಹತ್ತಿರ ನಿಂತಾಗ ಸಹೋದರನ ನೆನಪಾದರೆ, ಕಾಣಿಕೆ ಅಲ್ಲೇ ಬಿಟ್ಟು ಮೊದಲು ಅವನ ಹತ್ತಿರ ಹೋಗು ಅಂತ ಕರ್ತನು ಹೇಳಿದ್ದಾನೆ. ನಿಮ್ಮಲ್ಲಿ ಯಾರಿಗಾದರೂ ಈಗ ಒಂದು ಹೆಸರು ನೆನಪಾಗಿದ್ದರೆ ಪ್ರಾರ್ಥನೆ ಮುಗಿಯುವವರೆಗೆ ಕಾಯಬೇಡಿರಿ. ಹೊರಗೆ ಬೇವಿನ ಗಿಡದ ಕೆಳಗೆ ನೆಟ್‌ವರ್ಕ್ ಚಲೋ ಸಿಗತದ. ಹೋಗಿ ಫೋನ್ ಮಾಡಿ ಬರ್ರಿ, ನಾವು ಇಲ್ಲೇ ಇರುತ್ತೇವೆ.