ಗೋಧಿಯ ತೂಕ ಮತ್ತು ಗುಣ

ಛಾಂದೋಗ್ಯೋಪನಿಷತ್ತಿನಲ್ಲಿ ಬರುವ ಉಷಸ್ತಿ ಚಾಕ್ರಾಯಣನ ಕಥೆಯನ್ನು ವಾಚಕರಲ್ಲಿ ಹಲವರು ಬಲ್ಲರು. ಕುರುದೇಶದಲ್ಲಿ ಪೈರು ಹಾಳಾಗಿ ಕ್ಷಾಮವೊದಗಿದಾಗ ಆತನು ಮಾವುತನೊಬ್ಬನು ತಿನ್ನುತ್ತಿದ್ದ ಕುಲ್ಮಾಷವನ್ನು ಬೇಡಿ, ಎಂಜಲೆಂದು ತಿಳಿದೂ ತಿಂದನು. ಅವನೇ ಕೊಡಬಂದ ನೀರನ್ನು ಮಾತ್ರ ಎಂಜಲೆಂದು ಒಲ್ಲೆನೆಂದನು. ಅದನ್ನು ತಿನ್ನದಿದ್ದರೆ ಪ್ರಾಣವುಳಿಯುತ್ತಿರಲಿಲ್ಲ, ನೀರಾದರೋ ಬೇಕಾದಲ್ಲಿ ದೊರೆಯುವುದು ಎಂಬುದು ಆತನ ಸಮಾಧಾನ. ಆಪತ್ತು ಎಲ್ಲಿಯವರೆಗೋ ಆಪದ್ಧರ್ಮವೂ ಅಲ್ಲಿಯವರೆಗೇ. ಗೋಧಿಯ ತಳಿಯನ್ನು ತಿದ್ದುವವರು ಇಳುವರಿಯನ್ನು ನೋಡಬೇಕೆ, ಕಾಳಿನ ಗುಣವನ್ನು ನೋಡಬೇಕೆ ಎಂಬ ಪ್ರಶ್ನೆಗೂ ಈ ಕಥೆಯು ದಾರಿ ತೋರುವುದೆಂದು ನನ್ನ ಎಣಿಕೆ.

1965 ಮತ್ತು 1966ರಲ್ಲಿ ಮಳೆಯು ತಪ್ಪಿ, ನಮ್ಮ ದೇಶವು ಅಮೆರಿಕದಿಂದ ಹಡಗಿನಲ್ಲಿ ಬರುವ ಗೋಧಿಯನ್ನು ಎದುರುನೋಡುತ್ತಿದ್ದಿತು. ನಮ್ಮ ಹಳೆಯ ಗೋಧಿಯು ಎತ್ತರದ ಪೈರು. ಗೊಬ್ಬರ ಹೆಚ್ಚಾದರೆ ತೆನೆಯ ಭಾರಕ್ಕೆ ನೆಲಕ್ಕೊರಗುತ್ತಿದ್ದಿತು. ಜಪಾನಿನ ನೋರಿನ್ 10 ಎಂಬ ತಳಿಯ ಗಿಡ್ಡತನವನ್ನು ನಾರ್ಮನ್ ಬೋರ್ಲಾಗರು ಮೆಕ್ಸಿಕೋದ ಗೋಧಿಗೆ ಕೂಡಿಸಿದ್ದರು. 1966ರಲ್ಲಿ ಆ ಬಗೆಯ ಬೀಜವನ್ನು 18,000 ಟನ್ನಿನಷ್ಟು ತರಿಸಲಾಯಿತು. 1964–65ರಲ್ಲಿ ಸುಮಾರು 1 ಕೋಟಿ 20 ಲಕ್ಷ ಟನ್ನಿದ್ದ ಬೆಳೆಯು 1967–68ರಲ್ಲಿ 1 ಕೋಟಿ 60 ಲಕ್ಷವನ್ನು ಮೀರಿತು. ಮೆಕ್ಸಿಕೋದ ಕಾಳು ಕೆಂಪೆಂದು ಚಪಾತಿಯುಣ್ಣುವ ಜನರು ಮುಖ ಮುರಿದರು. ದೆಹಲಿಯ ಕೃಷಿ ಸಂಶೋಧನ ಸಂಸ್ಥೆಯವರು ಬೀಜಕ್ಕೆ ಗಾಮಾ ಕಿರಣಗಳನ್ನು ಹಾಯಿಸಿ, ಶರಬತಿ ಸೊನೋರಾ ಎಂಬ ಹೊಂಬಣ್ಣದ ತಳಿಯನ್ನು ಪಡೆದರು. ಆ ಕಾಲದಲ್ಲಿ ಇಳುವರಿಯೇ ಮುಖ್ಯವೆಂದವರನ್ನು ಯಾರು ತಾನೇ ದೂರಬಲ್ಲರು? ಹಸಿದವನಿಗೆ ಗುಣದ ಉಪದೇಶ ಮಾಡುವುದು ಉಂಡವನಿಗೆ ತಕ್ಕ ಮಾತಲ್ಲ.

ಈಗ ದೇಶದ ಗೋಧಿಯ ಬೆಳೆಯು 10 ಕೋಟಿ ಟನ್ನನ್ನು ಮೀರಿದೆ. ಅಂದಿನ ಆಪತ್ತು ಕಳೆದಿದೆ. ಅಂದಿನ ಅಳತೆಗೋಲು ಮಾತ್ರ ಉಳಿದಿದೆ. ಇಳುವರಿ ಹೆಚ್ಚಿದಂತೆ ಕಾಳಿನಲ್ಲಿ ಪಿಷ್ಟವು ತುಂಬಿ ಪ್ರೋಟೀನಿನ ಪಾಲು ಇಳಿಯುವುದು ಸಾಮಾನ್ಯ. ಪಶ್ಚಿಮ ಏಷ್ಯದ ಕಾಡುಗೋಧಿಯಲ್ಲಿ, ಪ್ರೋಟೀನನ್ನೂ ಸತು ಕಬ್ಬಿಣಗಳನ್ನೂ ಎಲೆಯಿಂದ ಕಾಳಿಗೆ ಹೆಚ್ಚಾಗಿ ಸಾಗಿಸುವ ವಂಶವಾಹಿಯೊಂದನ್ನು ವಿಜ್ಞಾನಿಗಳು 2006ರಲ್ಲಿ ಗುರುತಿಸಿದರು. ನಾವು ಬೆಳೆಯುವ ಗೋಧಿಗಳಲ್ಲಿ ಬಹುಪಾಲಿಗೆ ಆ ಶಕ್ತಿಯು ತಪ್ಪಿಹೋಗಿದೆ. ಅದನ್ನು ಮರಳಿ ಕೂಡಿಸಬಹುದು. ಆದರೆ ಪೈರು ಬೇಗ ಒಣಗುವುದರಿಂದ ಕೆಲವೆಡೆ ಕಾಳು ಸಣ್ಣದಾಗುವುದುಂಟು.

ಹಾಗಾದರೆ ಆ ನಷ್ಟವನ್ನು ಹೊರುವವರಾರು? ಧರ್ಮದ ಗಂಟು ಇರುವುದು ಇಲ್ಲಿಯೇ. ರೈತನು ಕಾಳನ್ನು ತೂಕಕ್ಕೆ ಮಾರುವನು. ಅದರೊಳಗಿನ ಸತ್ತ್ವಕ್ಕೆ ಸಾಮಾನ್ಯವಾಗಿ ಅವನಿಗೆ ಕಾಸೂ ಹೆಚ್ಚು ದೊರೆಯದು. ತೂಕಕ್ಕೆ ಮಾತ್ರ ಬೆಲೆ ಕೊಟ್ಟು ಗುಣವನ್ನು ಪುಕ್ಕಟೆಯಾಗಿ ಬೇಡುವುದು ನ್ಯಾಯವೆನಿಸದು. ನಮ್ಮ ಉತ್ತರ ಕರ್ನಾಟಕದ ಸದಕ ಗೋಧಿಯನ್ನು ನೋಡಿರಿ: ಇಳುವರಿ ಕಡಮೆ, ಹೊಟ್ಟು ಬಿಡಿಸಲು ಕುಟ್ಟಲೇಬೇಕು. ಆದರೂ ಹುಗ್ಗಿಗೆ ಅದೇ ಬೇಕೆಂದು ಹೆಚ್ಚು ಬೆಲೆ ತೆರುವ ಮನೆಗಳಿರುವುದರಿಂದ ಅದಿನ್ನೂ ಹೊಲದಲ್ಲಿ ಉಳಿದಿದೆ. ನಾಲಗೆಯ ರುಚಿಗಾಗಿ ತೆರುವ ನಾವು ದೇಹದ ಹಿತಕ್ಕಾಗಿ ತೆರಲಾರೆವೆ? ರೊಟ್ಟಿಯನ್ನೇ ನಂಬಿ ಬದುಕುವ ಬಡವನಿಗೆ ಕಾಳಿನ ಸತ್ತ್ವವು ನಮಗಿಂತ ಹೆಚ್ಚು ಅಗತ್ಯ. ಆದರೆ ಅದರ ಬೆಲೆಯನ್ನು ಅವನ ಮೇಲೆ ಹೇರುವಂತಿಲ್ಲ. ಆದುದರಿಂದ ಶಕ್ತಿಯುಳ್ಳ ಮನೆಗಳೂ, ಪಡಿತರಕ್ಕೆ ಕೊಳ್ಳುವ ಸರಕಾರವೂ ಆ ಭಾರವನ್ನು ಹೊರಬೇಕು. ಅಲ್ಲಿಯವರೆಗೆ ಬೀಜ ತಿದ್ದುವವರನ್ನಾಗಲಿ ಬಿತ್ತುವವರನ್ನಾಗಲಿ ಆಕ್ಷೇಪಿಸುವ ಅಧಿಕಾರವು ನಮಗಿಲ್ಲ.