ದಾನದ ಎಮ್ಮೆಯ ಹಲ್ಲು

ದಾನ ಬಂದ ಎಮ್ಮೆಯ ಹಲ್ಲು ಎಣಿಸಬಾರದು ಅಂತಾರೆ. ಪುಕ್ಕಟೆ ಸಿಕ್ಕಿದ್ದರಲ್ಲಿ ಕೊಂಕು ಹುಡುಕೋದು ಸಣ್ಣತನ, ನಿಜ. ಆದರೆ ಆ ಎಮ್ಮೆಯ ಹಾಲನ್ನು ಓಣಿಗೆಲ್ಲ ಹಂಚುವುದಾದರೆ? ಆಗಲೂ ಹಲ್ಲು ನೋಡದೆ ಇರುವುದು ಸಭ್ಯತೆಯೋ, ಹೊಣೆಗೇಡಿತನವೋ?

ಕಂಟೇನರ್ ಇಮೇಜ್ ಕಟ್ಟುವವರ ಮುಂದಿರುವುದು ಇದೇ ಪ್ರಶ್ನೆ. ನೆಕ್ಸ್ಟ್‌ಕ್ಲೌಡ್ ಉದಾಹರಣೆಯನ್ನೇ ತಗೊಳ್ಳಿ. ನಮ್ಮ ಫೋಟೋ, ಕಡತಗಳನ್ನು ದೊಡ್ಡ ಕಂಪನಿಗಳ ಕೈಗೊಪ್ಪಿಸದೆ ಸ್ವಂತ ಸರ್ವರ್‌ನಲ್ಲಿ ಇಟ್ಟುಕೊಳ್ಳಲು ನೆರವಾಗುವ ಮುಕ್ತ ತಂತ್ರಾಂಶ ಅದು. 2016ರಲ್ಲಿ ಓನ್‌ಕ್ಲೌಡ್‌ನಿಂದ ಕವಲೊಡೆದದ್ದು. ಅದು ಓಡಲು ಬೇಕಾದ ಪಿಎಚ್‌ಪಿ, ವೆಬ್ ಸರ್ವರ್, ಲೈಬ್ರರಿಗಳನ್ನೆಲ್ಲ ಸೇರಿಸಿ ಒಂದೇ ಗಂಟು ಕಟ್ಟಿದರೆ ಅದೇ ಇಮೇಜ್. ಹೇಗೆ ಕಟ್ಟಬೇಕು ಅನ್ನೋದನ್ನು ಡಾಕರ್‌ಫೈಲ್ ಎಂಬ ಪುಟ್ಟ ಕಡತದಲ್ಲಿ ಬರೆದಿಡುತ್ತಾರೆ. 2013ರಲ್ಲಿ ಡಾಕರ್ ಬಂದ ಮೇಲಂತೂ ಒಂದು ಸಾಲು ಟೈಪಿಸಿದರೆ ಸಾಕು, ಇನ್ಯಾರೋ ಕಟ್ಟಿದ ಗಂಟು ನಮ್ಮ ಯಂತ್ರದಲ್ಲಿ ಬಿಚ್ಚಿಕೊಳ್ಳುತ್ತೆ.

ಗಂಟಿನೊಳಗೆ ಇನ್ನೊಂದು ಗಂಟು ಬೇರೆ. ನೆಕ್ಸ್ಟ್‌ಕ್ಲೌಡ್ ಇಮೇಜ್ ಪಿಎಚ್‌ಪಿ ಇಮೇಜಿನ ಮೇಲೆ ಕೂತಿದೆ, ಅದು ಡೆಬಿಯನ್ ಮೇಲೆ. ಕಟ್ಟುವವರಲ್ಲಿ ಬಹಳಷ್ಟು ಮಂದಿ ಸಂಬಳವಿಲ್ಲದ ಸ್ವಯಂಸೇವಕರು.

"ಮೂಲ ಸಂಕೇತ ತೆರೆದಿದೆಯಲ್ಲ, ಬೇಕಾದವರು ಓದಿಕೊಳ್ಳಲಿ" ಅನ್ನುವವರಿದ್ದಾರೆ. ಹುಳಿಪುಡಿ ಪೊಟ್ಟಣದ ಮೇಲೆ ಸಾಮಾನಿನ ಪಟ್ಟಿ ಇರುತ್ತೆ. ಒಳಗಿರೋದು ಅದೇ ಪಟ್ಟಿಯ ಪ್ರಕಾರ ಹುರಿದದ್ದಾ ಅನ್ನೋದು ಬೇರೆ ಮಾತು. ಯುನಿಕ್ಸ್ ಕಟ್ಟಿದವರಲ್ಲೊಬ್ಬರಾದ ಕೆನ್ ಥಾಂಪ್ಸನ್ ತಮ್ಮ ಟ್ಯೂರಿಂಗ್ ಪ್ರಶಸ್ತಿ ಉಪನ್ಯಾಸದಲ್ಲಿ ಇದನ್ನೇ ತೋರಿಸಿದರು. 1984ರಲ್ಲಿ ಅಚ್ಚಾದ ಆ ಉಪನ್ಯಾಸದ ತಿರುಳು ಇಷ್ಟು: ಕಂಪೈಲರ್ ಕೆಟ್ಟಿದ್ದರೆ, ಸ್ವಚ್ಛವಾದ ಮೂಲ ಸಂಕೇತದಿಂದಲೂ ಕಳ್ಳಬಾಗಿಲಿರುವ ಪ್ರೋಗ್ರಾಂ ಹೊರಬರಬಹುದು.

ನಲವತ್ತು ವರ್ಷದ ನಂತರ, 2024ರ ಮಾರ್ಚ್‌ನಲ್ಲಿ, ಎಕ್ಸ್‌ಝಡ್ ಎಂಬ ಕಡತ ಕುಗ್ಗಿಸುವ ತಂತ್ರಾಂಶದಲ್ಲಿ ಇಂಥದೇ ಕಳ್ಳಬಾಗಿಲು ಸಿಕ್ಕಿತು. ಎಲ್ಲರಿಗೂ ಕಾಣುವ ಸಂಕೇತದಲ್ಲಿ ಪರೀಕ್ಷೆಯ ಕಡತಗಳ ವೇಷದಲ್ಲಿ ವಿಷ ಮಲಗಿತ್ತು. ಅದನ್ನು ಎಬ್ಬಿಸುವ ಸಾಲುಗಳು ಇದ್ದದ್ದು ಬಿಡುಗಡೆಯ ಗಂಟಿನಲ್ಲಿ ಮಾತ್ರ. ಲಾಗಿನ್ ಯಾಕೋ ಅರ್ಧ ಸೆಕೆಂಡ್ ತಡವಾಗ್ತಿದೆಯಲ್ಲ ಅಂತ ಬೆನ್ನುಹತ್ತಿದ ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರ್ ಇದನ್ನು ಬಯಲಿಗೆಳೆದರು. ಬೇರೆಯವರೆಲ್ಲ ಆ ಅರ್ಧ ಸೆಕೆಂಡನ್ನು ಸಹಿಸಿಕೊಂಡು ಸುಮ್ಮನಿರಬಹುದಿತ್ತು.

ಆ ವಿಷ ಒಳಬಂದ ದಾರಿ ಇನ್ನೂ ಯೋಚಿಸುವಂಥದ್ದು. ಎಕ್ಸ್‌ಝಡ್‌ಅನ್ನು ವರ್ಷಗಟ್ಟಲೆ ಹೆಚ್ಚುಕಡಿಮೆ ಒಬ್ಬರೇ ನೋಡಿಕೊಳ್ಳುತ್ತಿದ್ದರು. ಅವರು ದಣಿದಿದ್ದಾಗ "ಯಾಕಿಷ್ಟು ನಿಧಾನ" ಅಂತ ಒತ್ತಾಯ ಶುರುವಾಯಿತು. ಆಗ ಹೆಗಲು ಕೊಟ್ಟು, ಎರಡು ವರ್ಷಕ್ಕೂ ಹೆಚ್ಚು ಕಾಲ ನಿಯತ್ತಾಗಿ ದುಡಿದು ನಂಬಿಕೆ ಗಳಿಸಿದವರೇ ವಿಷ ಬೆರೆಸಿದ್ದು.

ಹಾಗಾದರೆ ಪುಕ್ಕಟೆ ಕೊಡುವವರ ಕರ್ತವ್ಯ ಏನು? ಪರವಾನಗಿಯಲ್ಲಿ ಬರೆದಿರುತ್ತೆ: ಯಾವ ಖಾತರಿಯೂ ಇಲ್ಲ. ಕೋರ್ಟಿಗೆ ಅಷ್ಟು ಸಾಕು. ಆದರೆ ನಾವು ಕಟ್ಟಿದ ಗಂಟನ್ನು ನಂಬಿ ಯಾವುದೋ ಊರಿನ ಡಾಕ್ಟರು ರೋಗಿಗಳ ವರದಿ ಇಟ್ಟಿರಬಹುದು. ಅವರ ಮುಂದೆ ಆ ಸಾಲು ಹಿಡಿದು ನಿಲ್ಲೋಕಾಗುತ್ತಾ? "ತಪ್ಪೇ ಇರಲ್ಲ" ಅಂತ ಮಾತು ಕೊಡೋಕೂ ಆಗಲ್ಲ, ಅದು ಸುಳ್ಳಾಗುತ್ತೆ. ಕೊಡಬಹುದಾದ ಮಾತು ಒಂದೇ: ನೀವು ಪರೀಕ್ಷಿಸೋಕೆ ನಾನು ಅಡ್ಡ ಬರಲ್ಲ.

ಈ ಮಾತು ಉಳಿಯೋದು ಸಣ್ಣ ಸಣ್ಣ ಕೆಲಸಗಳಲ್ಲಿ. ತಳದ ಇಮೇಜಿಗೆ 'ಲೇಟೆಸ್ಟ್' ಅಂತ ಬರೆದು ಕೈತೊಳೆದುಕೊಳ್ಳಬಾರದು. ಅದು ಬರೀ ಹೆಸರು, ಇವತ್ತು ಒಂದನ್ನು ತೋರಿಸಿದರೆ ನಾಳೆ ಇನ್ನೊಂದನ್ನು. ಅದರ ಬದಲು 64 ಅಕ್ಷರಗಳ ಹ್ಯಾಶ್ ಬರೆದರೆ ಯಾವುದರ ಮೇಲೆ ಕಟ್ಟಿದ್ದು ಅನ್ನೋದು ಖಚಿತ. ಒಂದು ಪದರದಲ್ಲಿ ಪಾಸ್‌ವರ್ಡ್ ಇಟ್ಟು ಮುಂದಿನ ಪದರದಲ್ಲಿ ಅಳಿಸಿದರೆ ಅದು ಅಳಿಯಲ್ಲ, ಕೆಳಗೆ ಹಾಗೇ ಕೂತಿರುತ್ತೆ. ಡೆಬಿಯನ್‌ನವರು 2013ರಿಂದ ಇನ್ನೂ ಮುಂದೆ ಹೋಗಿದ್ದಾರೆ: ಒಂದೇ ಮೂಲದಿಂದ ಯಾರು ಕಟ್ಟಿದರೂ ಕೊನೆಯ ಬಿಟ್‌ವರೆಗೆ ಅದೇ ಫಲಿತಾಂಶ ಬರಬೇಕು ಅನ್ನೋದು ಅವರ ಹಟ. "ನನ್ನನ್ನು ನಂಬಿ" ಅನ್ನೋದಕ್ಕಿಂತ "ನನ್ನನ್ನು ನಂಬಬೇಕಾಗಿಲ್ಲ, ನೀವೇ ಕಟ್ಟಿ ನೋಡಿ" ಅನ್ನೋದು ದೊಡ್ಡ ಪ್ರಾಮಾಣಿಕತೆ ಅಲ್ವಾ?

ಹಾಗಂತ ಇದು ಸರ್ವರೋಗಕ್ಕೂ ಮದ್ದಲ್ಲ. ಮೂಲದ ಗಂಟಲ್ಲೇ ವಿಷ ಇದ್ದರೆ ಎಲ್ಲರಿಗೂ ಒಂದೇ ವಿಷ, ಹ್ಯಾಶ್ ಕೂಡ ಸರಿಯಾಗೇ ತಾಳೆಯಾಗುತ್ತೆ. ಅಲ್ಲಿ ಬೇಕಾಗೋದು ಅರ್ಧ ಸೆಕೆಂಡ್ ಯಾಕೆ ತಡ ಅಂತ ಕೇಳುವ ಮನುಷ್ಯರು.

ಅದಕ್ಕೇ ಪಡೆಯುವವರಿಗೂ ಪಾಲಿದೆ. ಪುಕ್ಕಟೆ ಕೊಟ್ಟವರಿಗೆ ಭಾನುವಾರ ರಾತ್ರಿ "ಇನ್ನೂ ಯಾಕೆ ಅಪ್‌ಡೇಟ್ ಬಂದಿಲ್ಲ" ಅಂತ ದಬಾಯಿಸಿ ಬರೆಯುವ ಮುಂಚೆ, ಆ ಡಾಕರ್‌ಫೈಲನ್ನು ಒಮ್ಮೆ ತೆರೆದು ಓದಬಹುದಲ್ಲ? ಹೆಚ್ಚಂದರೆ ಒಂದಿನ್ನೂರು ಸಾಲು. ಹಲ್ಲು ಎಣಿಸಿದರೆ ದಾನಿಗೆ ಅವಮಾನವಾಗಲ್ಲ. ಅವರೊಬ್ಬರೇ ಹೊರುತ್ತಿದ್ದ ಹೊರೆಗೆ ಇನ್ನೊಂದು ಹೆಗಲು ಸಿಕ್ಕಹಾಗಾಗುತ್ತೆ.