ಅಮಾನತ್ ಮತ್ತು ಅಮಾನತು

ಉರ್ದು ಶಾಲೆಯಲ್ಲಿ ಅಕ್ಷರ ಕಲಿತು ಆಮೇಲೆ ಕನ್ನಡಕ್ಕೆ ಬಂದ ನಮ್ಮಂಥವರಿಗೆ ಕೆಲವು ಶಬ್ದಗಳು ಬಹಳ ದಿನ ಗೊಂದಲ ಕೊಡುತ್ತವೆ. ‘ಅಮಾನತ್’ ಅಂಥ ಒಂದು ಶಬ್ದ. ಉರ್ದುವಿನಲ್ಲಿ ಅದು ನಂಬಿ ಒಪ್ಪಿಸಿದ ವಸ್ತು. ನೆರೆಯವರು ಪರಊರಿಗೆ ಹೋಗುವಾಗ ಇಟ್ಟುಹೋದ ಒಡವೆ ಅಮಾನತ್. ಕೇಳಿದ ದಿನ ಇದ್ದ ಹಾಗೆಯೇ ಹಿಂದಿರುಗಿಸಬೇಕು. ಕನ್ನಡ ಪತ್ರಿಕೆ ತೆರೆದರೆ ಲಂಚ ತಿಂದ ನೌಕರ ‘ಅಮಾನತು’ ಆಗಿರುತ್ತಾನೆ. ಜೋಪಾನ ಮಾಡುವುದಕ್ಕೂ ಕೆಲಸದಿಂದ ತಡೆದು ಕೂರಿಸುವುದಕ್ಕೂ ಒಂದೇ ಶಬ್ದ ಹೇಗೆ ಒದಗಿತೋ, ಅದನ್ನು ಪಂಡಿತರು ಹೇಳಲಿ. ವಯಸ್ಸಾದವರ ಎದೆಬಡಿತ ತಾಳ ತಪ್ಪಿದ ಮನೆಗಳಲ್ಲಿ ಈ ಎರಡು ಅರ್ಥಗಳು ಜಗಳಕ್ಕೆ ನಿಲ್ಲುವುದನ್ನು ಮಾತ್ರ ನಾವು ಕಂಡಿದ್ದೇವೆ. ದೇಹ ಅಮಾನತ್, ಅದನ್ನು ಕಾಪಾಡಬೇಕು ಎಂದು ಶುರುವಾದ ಮಾತು ಆ ದೇಹದೊಳಗಿನ ಮನುಷ್ಯನನ್ನು ಅಮಾನತಿನಲ್ಲಿಡುವಲ್ಲಿಗೆ ಬಂದು ನಿಲ್ಲುತ್ತದೆ.

ಕಲಘಟಗಿ ತಾಲ್ಲೂಕಿನ ಬಮ್ಮಿಗಟ್ಟಿಯಲ್ಲಿ ನಮ್ಮ ಬಳಕೆಯ ಹಿರಿಯರೊಬ್ಬರಿದ್ದಾರೆ. ಎಪ್ಪತ್ತು ದಾಟಿದವರು. ಪ್ರಾಯದಲ್ಲಿ ಸೈಕಲ್ಲಿನ ಕ್ಯಾರಿಯರಿಗೆ ಬಟ್ಟೆಯ ಗಂಟು ಬಿಗಿದು ಸುತ್ತಲಿನ ಹಳ್ಳಿಗಳಲ್ಲಿ ಮಾರುತ್ತಿದ್ದರು. ವ್ಯಾಪಾರ ನಿಂತು ಎಷ್ಟೋ ವರ್ಷವಾಯಿತು, ಸೈಕಲ್ಲು ನಿಲ್ಲಲಿಲ್ಲ. ಹೊಲಕ್ಕೆ, ಹಿಟ್ಟಿನ ಗಿರಣಿಗೆ, ಚಹಾದಂಗಡಿಗೆ ಅದರ ಮೇಲೆಯೇ. ಒಂದು ದಿನ ಏರು ಹತ್ತುವಾಗ ಎದೆಯೊಳಗೆ ಪಾರಿವಾಳ ರೆಕ್ಕೆ ಬಡಿದಂತಾಯಿತಂತೆ. ಹುಬ್ಬಳ್ಳಿಯಲ್ಲಿ ಇ.ಸಿ.ಜಿ. ತೆಗೆಸಿದಾಗ ಕಾಯಿಲೆಯ ಹೆಸರು ಗೊತ್ತಾಯಿತು: ಏಟ್ರಿಯಲ್ ಫಿಬ್ರಿಲೇಶನ್. ರಕ್ತ ಹೆಪ್ಪುಗಟ್ಟದಿರಲು ಗುಳಿಗೆ ಬರೆದುಕೊಟ್ಟರು. ಊರಿಗೆ ಬಂದ ಮರುದಿನ ಮಕ್ಕಳು ಸೈಕಲ್ಲಿಗೆ ಚೈನು ಸುತ್ತಿ ಬೀಗ ಹಾಕಿದರು.

“ಬೀಳೂದಿದ್ರ ಬಚ್ಚಲದಾಗೂ ಬೀಳ್ತೀನಿ. ಹಂಗಂತ ಜಳಕಾ ಬಿಡಾಕ ಬರ್ತೈತೇನ್ರೀ?” ಎಂದು ಹಿರಿಯರು ನಮ್ಮೆದುರು ಕೇಳಿದರು. ಹಿರಿಮಗ ಬಾಗಿಲಲ್ಲೇ ನಿಂತಿದ್ದ. “ನೀ ರಸ್ತೇದಾಗ ಬಿದ್ರ ಮಂದಿ ನಮ್ಮ ಮಾರಿಗೆ ಉಗುಳ್ತಾರ ಅಪ್ಪಾ” ಎಂದ.

ಎರಡೂ ಮಾತಿನಲ್ಲಿ ಹುರುಳಿದೆ. ಆದ್ದರಿಂದಲೇ ಇದು ಬರೀ ವೈದ್ಯರಿಗೆ ಬಿಡುವ ಪ್ರಶ್ನೆಯಲ್ಲ ಎಂದು ನಮಗೆ ಅನಿಸುವುದು.

ಮೊದಲು ಕಾಯಿಲೆಯನ್ನೇ ನೋಡೋಣ. ನಮ್ಮ ಹೃದಯ ದಿನಕ್ಕೆ ಸುಮಾರು ಒಂದು ಲಕ್ಷ ಸಲ ಬಡಿಯುತ್ತದೆ. ಅದರ ಮೇಲಿನ ಕೋಣೆಗಳು ಹಿಂಡಿ ರಕ್ತವನ್ನು ಕೆಳಗೆ ಕೊಡಬೇಕು, ಕೆಳಗಿನ ಕೋಣೆಗಳು ಅದನ್ನು ಮೈಗೆಲ್ಲ ತಳ್ಳಬೇಕು. ಈ ಕಾಯಿಲೆಯಲ್ಲಿ ಮೇಲಿನ ಕೋಣೆಗಳು ಹಿಂಡುವುದನ್ನು ಬಿಟ್ಟು ನಡುಗತೊಡಗುತ್ತವೆ. ಕೆಳಗಿನವಕ್ಕೆ ಸರಿಯಾದ ಸನ್ನೆ ಸಿಗದೆ ಅವು ಮನಸ್ಸಿಗೆ ಬಂದಂತೆ ಬಡಿಯುತ್ತವೆ. ನಾಡಿ ಹಿಡಿದರೆ ಎರಡು ಬಡಿತ ಹತ್ತಿರ, ಒಂದು ದೂರ, ಮತ್ತೆ ಮೂರು ಅವಸರದಲ್ಲಿ. ಯಾವ ಲೆಕ್ಕಕ್ಕೂ ಸಿಗುವುದಿಲ್ಲ. ಹಳೆಯ ವೈದ್ಯರು ಇಂಥ ಗತಿಗಳನ್ನು ಬೆರಳ ತುದಿಯಲ್ಲೇ ಗುರುತಿಸುತ್ತಿದ್ದರು. ಸಾವಿರ ವರ್ಷದ ಹಿಂದೆ ಇಬ್ನ್ ಸೀನಾ ತನ್ನ ‘ಕಾನೂನ್’ ಗ್ರಂಥದಲ್ಲಿ ಜಿಂಕೆಯಂತೆ ನೆಗೆಯುವ ನಾಡಿ, ಇರುವೆಯಂತೆ ಹರಿಯುವ ನಾಡಿ ಎಂದು ವಿಂಗಡಿಸಿ ಹೆಸರಿಟ್ಟಿದ್ದಾನೆ. ನಮ್ಮ ಆಯುರ್ವೇದದವರು ಹಾವು, ಕಪ್ಪೆ, ಹಂಸಗಳ ನಡಿಗೆಯನ್ನು ನಾಡಿಯಲ್ಲಿ ಕಂಡರು. ಪ್ರಾಣಿಗಳು ಬೇರೆಯಾದರೂ ಬೆರಳು ಒಂದೇ.

ತಾಳ ತಪ್ಪಿದ್ದೇ ಪ್ರಾಣ ತೆಗೆಯುವುದು ಅಪರೂಪ. ಅಪಾಯ ಬೇರೆ ಕಡೆ ಇದೆ. ನಡುಗುವ ಕೋಣೆಯ ಮೂಲೆಯಲ್ಲಿ ರಕ್ತ ನಿಂತು ಹೆಪ್ಪುಗಟ್ಟುತ್ತದೆ. ಆ ಹೆಪ್ಪು ಹರಿದು ಮೆದುಳಿಗೆ ಹೋದರೆ ಲಕ್ವ. ಈ ಕಾಯಿಲೆಯವರಿಗೆ ಲಕ್ವದ ಸಂಭವ ಉಳಿದವರಿಗಿಂತ ಸುಮಾರು ಐದು ಪಟ್ಟು ಹೆಚ್ಚು. ಆದ್ದರಿಂದಲೇ ಗುಳಿಗೆ. ಆಸ್ಪಿರಿನ್ ನುಂಗಿದರಾಯಿತು ಎಂದು ತಿಳಿದವರು ಊರೂರಿಗೆ ಸಿಗುತ್ತಾರೆ. ಅದು ಈ ಹೆಪ್ಪನ್ನು ತಡೆಯುವ ಔಷಧವಲ್ಲ.

ವಾರ್ಫರಿನ್ ಎಂಬ ಹಳೆಯ ಗುಳಿಗೆಯ ಕತೆಯನ್ನು ಒಕ್ಕಲುತನದವರು ಕೇಳಬೇಕು. ಅಮೆರಿಕದಲ್ಲಿ 1920ರ ದಶಕದಲ್ಲಿ ಬೂಸು ಹಿಡಿದ ಒಂದು ಬಗೆಯ ಮೇವು ತಿಂದ ದನಗಳು ಸಣ್ಣ ಗಾಯಕ್ಕೂ ರಕ್ತ ನಿಲ್ಲದೆ ಸಾಯುತ್ತಿದ್ದವು. 1933ರಲ್ಲಿ ವಿಸ್ಕಾನ್ಸಿನ್ನಿನ ಒಬ್ಬ ರೈತ ಹಿಮಗಾಳಿಯಲ್ಲಿ ಸತ್ತ ಕಡಸನ್ನೂ ಹಾಲಿನ ಕ್ಯಾನಿನ ತುಂಬ ಹೆಪ್ಪುಗಟ್ಟದ ರಕ್ತವನ್ನೂ ಹೊತ್ತು ಕಾರ್ಲ್ ಲಿಂಕ್ ಎಂಬ ವಿಜ್ಞಾನಿಯ ಬಾಗಿಲಿಗೆ ಬಂದ. ಆ ಮೇವಿನ ವಿಷವನ್ನು ಹುಡುಕುತ್ತ ಹೋದವರಿಗೆ ಮುಂದೆ ಸಿಕ್ಕಿದ್ದೇ ವಾರ್ಫರಿನ್. 1948ರಲ್ಲಿ ಅದು ಇಲಿ ಪಾಷಾಣವಾಗಿ ಮಾರುಕಟ್ಟೆಗೆ ಬಂತು, 1954ರಲ್ಲಿ ಮನುಷ್ಯರ ಔಷಧವಾಯಿತು. ಇವತ್ತು ಹೊಸ ಗುಳಿಗೆಗಳೂ ಬಂದಿವೆ. ಯಾವುದನ್ನು ನುಂಗಿದರೂ ಗಂಟು ಒಂದೇ: ಲಕ್ವ ತಡೆಯುವ ಗುಳಿಗೆ ಬಿದ್ದವನ ರಕ್ತವನ್ನು ಬೇಗ ನಿಲ್ಲಗೊಡುವುದಿಲ್ಲ. ಮೊಣಕಾಲು ತರಚಿದರೆ ಚಿಂತೆಯಿಲ್ಲ, ತಲೆಗೆ ಪೆಟ್ಟಾದರೆ ಒಳಗೇ ರಕ್ತ ಸೋರಬಹುದು. ಅಂಥವರು ತಲೆಗೆ ಪೆಟ್ಟು ಬಿದ್ದ ಮೇಲೆ ಎದ್ದು ನಗುತ್ತ ನಡೆದು ಬಂದರೂ ಆಸ್ಪತ್ರೆಗೆ ಕರೆದೊಯ್ಯಬೇಕು.

ಮಕ್ಕಳ ಬೀಗಕ್ಕೆ ಹಾಗಾದರೆ ಕಾರಣವಿದೆ. ಆದರೆ ಬೀಳುವ ಭಯದಿಂದ ಕೆಲವರು ಬೀಗ ಹಾಕುವುದು ಸೈಕಲ್ಲಿಗಲ್ಲ, ಗುಳಿಗೆಗೆ. ಇದು ಇನ್ನೂ ಕೆಟ್ಟದ್ದು. 1999ರಲ್ಲಿ ಕೆನಡಾದ ವೈದ್ಯರು ಒಂದು ಲೆಕ್ಕ ಹಾಕಿದರು. ವಾರ್ಫರಿನ್ನಿನ ಲಾಭವನ್ನು ಅದರ ಅಪಾಯ ಮೀರಬೇಕಾದರೆ ಒಬ್ಬ ವೃದ್ಧ ವರ್ಷಕ್ಕೆ ಸುಮಾರು 295 ಸಲ ಬೀಳಬೇಕು ಎಂದು ಬಂತು. ಇದು ನಡೆದಾಡುವಾಗ ಬೀಳುವವರ ಲೆಕ್ಕ, ಓಡುವ ಸೈಕಲ್ಲಿನಿಂದ ಬೀಳುವವರದಲ್ಲ. ಆದರೂ ಬೀಳುವ ಭಯವೇ ದೊಡ್ಡದಾಗಿ ಲಕ್ವದ ಭಯ ಸಣ್ಣದಾಗುವುದನ್ನು ನೋಡಿದಾಗ ಈ ಅಂಕಿ ನೆನಪಿಗೆ ಬರುತ್ತದೆ.

ಸೈಕಲ್ಲೇ ಎದೆ ಕೆಡಿಸಿತು ಎನ್ನುವವರೂ ಇದ್ದಾರೆ. ಅದಕ್ಕೂ ಒಂದು ಹಿನ್ನೆಲೆ ಇದೆ. 1955ರಿಂದ 1975ರವರೆಗಿನ ಟೂರ್ ಡಿ ಸ್ವಿಸ್ ಪಂದ್ಯಗಳಲ್ಲಿ ಓಡಿದ್ದ 62 ಮಾಜಿ ವೃತ್ತಿಪರ ಸೈಕಲ್ ಪಟುಗಳನ್ನು ಅಷ್ಟೇ ಸಂಖ್ಯೆಯ ಗಾಲ್ಫ್ ಆಟಗಾರರೊಂದಿಗೆ ಹೋಲಿಸಿ 2008ರಲ್ಲಿ ಒಂದು ಅಧ್ಯಯನ ಪ್ರಕಟವಾಯಿತು. ಸೈಕಲ್ಲಿನವರಲ್ಲಿ ಹತ್ತಕ್ಕೊಬ್ಬರಿಗೆ ಈ ಬಗೆಯ ತಾಳತಪ್ಪು, ಗಾಲ್ಫಿನವರಲ್ಲಿ ಒಬ್ಬರಿಗೂ ಇಲ್ಲ. ಸ್ವೀಡನ್ನಿನಲ್ಲಿ ಹಿಮದ ಮೇಲೆ 90 ಕಿಲೋಮೀಟರ್ ಓಡುವ ಪಂದ್ಯದ 52 ಸಾವಿರಕ್ಕೂ ಹೆಚ್ಚು ಸ್ಪರ್ಧಿಗಳನ್ನು ನೋಡಿದ 2013ರ ಅಧ್ಯಯನವೂ, ಹೆಚ್ಚು ಸಲ ಮತ್ತು ಹೆಚ್ಚು ವೇಗವಾಗಿ ಓಡಿದವರಲ್ಲೇ ತೊಂದರೆ ಹೆಚ್ಚು ಎಂದಿತು. ಇನ್ನೊಂದು ಕಡೆ, ಅಮೆರಿಕದಲ್ಲಿ 65 ದಾಟಿದ ಐದು ಸಾವಿರಕ್ಕೂ ಹೆಚ್ಚು ಜನರನ್ನು ಗಮನಿಸಿ 2008ರಲ್ಲಿ ಬಂದ ವರದಿ, ಹದವಾಗಿ ಮೈ ದಣಿಸುವವರಲ್ಲಿ ಈ ಕಾಯಿಲೆ ಕಡಿಮೆ ಎಂದು ತೋರಿಸಿತು. ಅತಿಯಾದರೆ ಕೇಡು, ಹದವಾದರೆ ಹಿತ. ಸೈಕಲ್ ತಜ್ಞ ಲೆನಾರ್ಡ್ ಝಿನ್ ಎಂಬ ಅಮೆರಿಕನ್ನರಿಗೆ ಐವತ್ತೈದರ ಸುಮಾರಿಗೆ ಎದೆ ತಾಳ ತಪ್ಪಿತು. ಅವರು ಪಂದ್ಯ ಬಿಟ್ಟರು, ಸೈಕಲ್ ಬಿಡಲಿಲ್ಲ. 2017ರಲ್ಲಿ ಒಬ್ಬ ಹೃದ್ರೋಗ ತಜ್ಞರ ಜೊತೆ ಸೇರಿ ಈ ವಿಷಯದ ಮೇಲೆ ಪುಸ್ತಕವನ್ನೇ ತಂದರು.

ಈ ಅಧ್ಯಯನಗಳಲ್ಲಿ ಪಂದ್ಯದವರಿದ್ದಾರೆ, ಗಾಲ್ಫಿನವರಿದ್ದಾರೆ. ಬಯಲುಸೀಮೆ ಮಲೆನಾಡಿಗೆ ತಿರುಗುವ ಅಂಚಿನ ಏರಿಳಿತಗಳಲ್ಲಿ ಬಟ್ಟೆಯ ಗಂಟು ಬಿಗಿದುಕೊಂಡು ನಲವತ್ತು ವರ್ಷ ಪೆಡಲ್ ತುಳಿದವರಿಲ್ಲ. ಅವರದು ಆಟವೂ ಅಲ್ಲ, ವ್ಯಾಯಾಮವೂ ಅಲ್ಲ. ಹೊಟ್ಟೆಪಾಡು ಮುಗಿದ ಮೇಲೂ ಸೈಕಲ್ಲು ಉಳಿದುಕೊಂಡಿತೆಂದರೆ, ಯಾರನ್ನೂ ಕೇಳದೆ ಮನೆಯಿಂದ ಹೊರಬೀಳುವ ದಾರಿ ಅದೊಂದೇ ಎಂಬ ಕಾರಣಕ್ಕೆ. ಮೋಟರ್ ಸೈಕಲ್ಲಿನ ಹಿಂದೆ ಕೂರಲು ಮಗನ ಪುರಸೊತ್ತು ಬೇಕು. ಚಹಾದಂಗಡಿಗೆ ಹೋಗಲು ಮಗನ ಪುರಸೊತ್ತು ಕಾಯುವ ಮನುಷ್ಯ ಕೆಲವು ದಿನದಲ್ಲೇ ಚಹಾ ಬೇಡವೆನ್ನುತ್ತಾನೆ.

ಹಾಗೆಂದು ‘ನನ್ನ ದೇಹ, ನನ್ನ ಇಷ್ಟ’ ಎಂಬ ಪೇಟೆಯ ಮಾತನ್ನೂ ನಾವು ಪೂರ್ತಿ ಒಪ್ಪಲಾರೆವು. ಹಿರಿಯರು ಬಿದ್ದರೆ ಆಸ್ಪತ್ರೆಯ ಸಾಲ ಮಗನ ತಲೆಗೆ, ಮಲಮೂತ್ರ ಬಳಿಯುವುದು ಸೊಸೆಯ ಪಾಲಿಗೆ. ಎದುರಿಗೆ ಬಂದ ಬೈಕಿನ ಹುಡುಗ ಇವರನ್ನು ತಪ್ಪಿಸಲು ಹೋಗಿ ಗಟಾರಕ್ಕೆ ಬೀಳಬಹುದು. ನಮಗೆ ಒಪ್ಪಿಸಿದ ದೇಹ ನಮ್ಮೊಬ್ಬರಿಗೇ ಒಪ್ಪಿಸಿದ್ದಲ್ಲ, ಅದರಲ್ಲಿ ಪಾಲುದಾರರಿದ್ದಾರೆ. ಆದರೆ ಪಾಲುದಾರರೆಂದರೆ ಕೂತು ಮಾತಾಡುವವರು. ಹೇಳದೆ ಕೇಳದೆ ಬೀಗ ಹಾಕುವವನು ಪಾಲುದಾರನಲ್ಲ, ಮೇಲಧಿಕಾರಿ. ‘ಮಂದಿ ಉಗುಳ್ತಾರ’ ಎಂಬ ಮಾತಿನಲ್ಲಿ ಅಪ್ಪನ ಎದೆಗಿಂತ ಮಗನ ಮಾನದ ಚಿಂತೆಯೇ ಒಂದು ಕೈ ಮುಂದಿದೆ ಎಂದು ನಮಗೆ ಅನಿಸಿತು. ಬರೆದರೆ ಅವನು ಬೇಸರ ಮಾಡಿಕೊಳ್ಳಬಹುದು, ಮಾಡಿಕೊಳ್ಳಲಿ.

ಇನ್ನೊಂದು ಸಂಗತಿ ನಮ್ಮನ್ನು ಹೆಚ್ಚು ಕಾಡಿದೆ. ಇದು ಮುದುಕರ ಕಾಯಿಲೆ ಮಾತ್ರವಲ್ಲ. ಚಿಕ್ಕಂದಿನಲ್ಲಿ ಗಂಟಲುನೋವು ಬಂದು, ಕೀಲು ಬಾತು, ಹೃದಯದ ಕವಾಟ ಕೆಟ್ಟವರಿಗೆ ಇದು ನಡುವಯಸ್ಸಿಗೇ ಬರುತ್ತದೆ. ಹೀಗೆ ಕವಾಟ ಕೆಟ್ಟು ತಾಳ ತಪ್ಪಿದ ನಾಲ್ಕೂವರೆ ಸಾವಿರ ರೋಗಿಗಳ ಮೇಲೆ ಭಾರತವೂ ಸೇರಿದಂತೆ ಹಲವು ದೇಶಗಳಲ್ಲಿ ನಡೆದು 2022ರಲ್ಲಿ ಹೊರಬಂದ ಒಂದು ದೊಡ್ಡ ಪರೀಕ್ಷೆಯಲ್ಲಿ, ಹೊಸ ಗುಳಿಗೆಗಿಂತ ಹಳೆಯ ಬಗೆಯ ವಾರ್ಫರಿನ್ನೇ ಮೇಲೆಂದು ಕಂಡಿತು. ಆ ರೋಗಿಗಳಲ್ಲಿ ಬಹುಪಾಲು ಹೆಂಗಸರು. ವಾರ್ಫರಿನ್ ಎಂದರೆ ಮತ್ತೆ ಮತ್ತೆ ರಕ್ತಪರೀಕ್ಷೆ, ಹಳ್ಳಿಯ ಹೆಂಗಸಿಗೆ ಅದು ಒಂದು ದಿನದ ಕೂಲಿ ಮತ್ತು ಬಸ್ಸಿನ ಹಾದಿ. ಅವಳ ಎದೆ ತಾಳ ತಪ್ಪಿತೆಂದು ಯಾರಾದರೂ ಕೊಡಕ್ಕೆ ಬೀಗ ಹಾಕಿದ್ದುಂಟೆ? ರೊಟ್ಟಿ ಬಡಿಯುವುದನ್ನು, ಸೌದೆ ಹೊರುವುದನ್ನು ಬಿಡಿಸಿದ್ದುಂಟೆ? ಗಂಡಸಿನ ಸೈಕಲ್ಲು ಮನೆಯವರ ಕಣ್ಣಿಗೆ ಸ್ವಾತಂತ್ರ್ಯವಾಗಿ ಕಾಣುತ್ತದೆ, ಆದ್ದರಿಂದ ತಡೆಯುತ್ತಾರೆ. ಹೆಂಗಸಿನ ದುಡಿಮೆ ಕರ್ತವ್ಯವಾಗಿ ಕಾಣುತ್ತದೆ, ಆದ್ದರಿಂದ ತಡೆಯುವುದಿಲ್ಲ. ಎದೆ ಎರಡರಲ್ಲೂ ಅದೇ. ಕಾಳಜಿಯ ಹೆಸರಿನಲ್ಲಿ ಮನೆಗಳು ತೆಗೆದುಕೊಳ್ಳುವ ತೀರ್ಮಾನಗಳನ್ನು ನಾವು ಅನುಮಾನದಿಂದ ನೋಡುವುದು ಇದಕ್ಕಾಗಿಯೇ.

ಬಮ್ಮಿಗಟ್ಟಿಯ ಮನೆಯಲ್ಲಿ ಕೊನೆಗೆ ಮಾತುಕತೆಯಾಯಿತು. ಅದನ್ನು ಮಾಡಿಸಿದವಳು ಸೊಸೆ. ಮಾವ ಬಿದ್ದರೆ ಯಾರ ಕೈಗೆ ಕೆಲಸ ಬೀಳುತ್ತದೆಂದು ಅವಳಿಗೆ ಎಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು. ಮುಂದಿನ ಸಲ ಹುಬ್ಬಳ್ಳಿಗೆ ಹೋದಾಗ ಸೈಕಲ್ಲಿನ ಮಾತನ್ನು ವೈದ್ಯರ ಎದುರೇ ಎತ್ತಿಸಿದಳು. ವೈದ್ಯರು ಬಡಿತದ ವೇಗ ನೋಡಿ, ಸಮತಟ್ಟಿನಲ್ಲಿ ಮೆಲ್ಲಗೆ ಹೋಗಬಹುದು, ಭಾರ ಬೇಡ, ತಲೆ ಸುತ್ತಿದರೆ ಉಸಿರು ಹತ್ತಿದರೆ ಆ ದಿನ ಸೈಕಲ್ ಮುಟ್ಟಬೇಡಿ ಎಂದರು. ಮೈಕೈ ನೋವಿಗೆ ಅಂಗಡಿಯಿಂದ ಸಿಕ್ಕ ಗುಳಿಗೆ ತಂದು ನುಂಗಬೇಡಿ, ರಕ್ತಸ್ರಾವ ಹೆಚ್ಚಾಗುತ್ತದೆ ಎಂಬುದನ್ನು ಒತ್ತಿ ಹೇಳಿದರು. ಏರು ಬಂದರೆ ಇಳಿದು ತಳ್ಳುವುದಕ್ಕೆ ಹಿರಿಯರು ಒಪ್ಪಿದರು. ತಲೆಗೆ ಹೆಲ್ಮೆಟ್ ಎಂದಾಗ ಮಾತ್ರ ರುಮಾಲು ಸಾಕೆಂದು ವಾದಿಸಿದರು. ರುಮಾಲು ಬಿಸಿಲು ತಡೆದೀತು, ಕಲ್ಲು ತಡೆಯುವುದಿಲ್ಲ.

ನಿಜವಾದ ತೊಡಕು ಬೇರೆಯೇ ಇತ್ತು. ವಯಸ್ಸಾದವರು ಬೀಳುವುದು ಓಡುವಾಗ ಮಾತ್ರವಲ್ಲ, ಹತ್ತುವಾಗ ಇಳಿಯುವಾಗ ಕಾಲು ಎತ್ತಿ ಹಾಕಲಾರದೆ. ಮೊಮ್ಮಗಳಿಗೆ ಎಂಟನೇ ತರಗತಿಯಲ್ಲಿ ಸರಕಾರ ಕೊಟ್ಟ ಸೈಕಲ್ಲೊಂದು ಹಿತ್ತಿಲಲ್ಲಿ ತುಕ್ಕು ಹಿಡಿಯುತ್ತಿತ್ತು. 2006–07ರಲ್ಲಿ ಶುರುವಾದ ಆ ಯೋಜನೆ ಎಷ್ಟೋ ಹಳ್ಳಿಯ ಹುಡುಗಿಯರನ್ನು ಹೈಸ್ಕೂಲು ಮುಟ್ಟಿಸಿತು. ಹುಡುಗಿಯರ ಸೈಕಲ್ಲಿಗೆ ನಡುವೆ ಅಡ್ಡ ಪೈಪಿಲ್ಲ, ಸೀಟು ಇಳಿಸಿದರೆ ಎರಡೂ ಕಾಲು ನೆಲಕ್ಕೆ ತಾಗುತ್ತವೆ. ಹೆಣ್ಣುಮಕ್ಕಳ ಸೈಕಲ್ಲೇ, ಊರು ನಕ್ಕೀತು ಎಂದು ಹಿರಿಯರು ಒಂದು ವಾರ ಮುಖ ತಿರುಗಿಸಿದರು. ಆಮೇಲೆ ಎಣ್ಣೆ ಬಿಟ್ಟು, ಟ್ಯೂಬು ಬದಲಿಸಿ, ಹ್ಯಾಂಡಲ್ಲಿನ ಗುಲಾಬಿ ಗೊಂಡೆ ಮಾತ್ರ ಕಿತ್ತುಹಾಕಿದರು.

ಕಲಘಟಗಿ ರಸ್ತೆಯ ವಿಷಯ ಇನ್ನೂ ಇತ್ಯರ್ಥವಾಗಿಲ್ಲ. ಲಾರಿ, ಕಬ್ಬಿನ ಟ್ರ್ಯಾಕ್ಟರುಗಳ ನಡುವೆ ಬೇಡ, ಸಂತೆಗೆ ಬಸ್ಸಿನಲ್ಲೇ ಹೋಗಬೇಕು ಎಂದು ಮಕ್ಕಳು. ಬಸ್ಸಿಗೆ ಕಾಯುತ್ತ ನಿಂತರೇ ಎದೆ ಹೆಚ್ಚು ಹೊಡೆದುಕೊಳ್ಳುತ್ತದೆ ಎಂದು ಹಿರಿಯರು.